ಕಲ್ಲುದಿಬ್ಬದ ಗುರುತು

ಕೈರಾನಿಯೆಮಿ
12 ಜೂನ್ 1983

ತೈಮಿ,

ಮೊದಲು ಹವೆ, ಆಮೇಲೆ ಆಲೂಗಡ್ಡೆ, ಕೊನೆಗೆ ನನ್ನ ಮಂಡಿನೋವು ಅಂತ ಎಂದಿನ ಕ್ರಮದಲ್ಲಿ ಈ ಕಾಗದ ಬರೆಯುವುದಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನಿನ್ನೆ ಊರಿನ ಸಭಾಮನೆಯಲ್ಲಿ ವಿದ್ಯುತ್ ಕಂಪನಿಯ ಕಾಗದಗಳನ್ನು ಎಲ್ಲರೂ ನೋಡಲಿ ಎಂದು ಇಟ್ಟಿದ್ದರು. ಅಣೆಕಟ್ಟಿನ ಗೇಟು ತೆಗೆದು ಚಳಿಗಾಲದಲ್ಲಿ ನಮ್ಮ ಸರೋವರದ ನೀರು ಇನ್ನೂ ಕೆಳಗಿಳಿಸಬೇಕಂತೆ, ದಕ್ಷಿಣದವರ ಮನೆ ಬೆಚ್ಚಗಿರಬೇಕಂತೆ. ಇದನ್ನು ಓದಿ ಹೇಳಲು ನಮ್ಮಲ್ಲಿ ಕನ್ನಡಕ ಸರಿಯಿರುವವನು ವಿಲ್ಯಾಮಿ ಒಬ್ಬನೇ. ಅವನು ನಿಂತು ಜೋರಾಗಿ ಓದುತ್ತಿದ್ದ. ನಾವು ಹತ್ತು ಹನ್ನೆರಡು ಜನ ಕಾಫಿ ಕುಡಿಯುತ್ತಾ ಕೇಳುತ್ತಿದ್ದೆವು. ಅವನು ನಿಮ್ಮ ಮೀನು ಕಚೇರಿಯ ಟಿಪ್ಪಣಿಯಿದ್ದ ಹದಿನೇಳನೆಯ ಪುಟಕ್ಕೆ ಬಂದ. ಕನ್ನಡಕ ತೆಗೆದು ಒರೆಸಿಕೊಂಡ. ಮತ್ತೆ ಹಾಕಿಕೊಂಡು ಓದಿದ.

"ಸ್ಥಳೀಯ ಕುಟುಂಬವೊಂದರ ಮಾಹಿತಿಯಂತೆ ಸೀಕಾ ಮೀನು ಮೊಟ್ಟೆಯಿಡುವ ಕಲ್ಲುದಿಬ್ಬ: ದೋಣಿಯಿಂದ ನೋಡಿದಾಗ ಪಶ್ಚಿಮದ ಒಡೆದ ಬಂಡೆಯು ಬೆಟ್ಟದ ಎರಡು ತಲೆಗಳ ನಡುವಿನ ತಗ್ಗಿನಲ್ಲಿ ಕಾಣಬೇಕು, ಚರ್ಚಿನ ಗೋಪುರವು ನಮ್ಮ ಸೌನಾದ ಹೊಗೆಗೂಡಿನ ನೆತ್ತಿಯ ಮೇಲೆ ನಿಲ್ಲಬೇಕು."

"ನಮ್ಮ ಸೌನಾ" ಅಂತಲೇ ಬರೆದಿದ್ದೀಯ. ಹೆಸರು ಹಾಕಿಲ್ಲ, ಆದರೆ ಆ ನೀರಿನ ಮೇಲೆ ನಿಂತರೆ ಕಾಣುವ ಹಬೆಸ್ನಾನದ ಮನೆ ಯಾರದು ಅಂತ ಊರಿನ ನಾಯಿಗೂ ಗೊತ್ತು.

ವಿಲ್ಯಾಮಿ ನನ್ನ ಕಡೆ ತಿರುಗಿ, "ಏನೋ ಇಸಾಕ್ಕಿ, ಐವತ್ತು ವರ್ಷ ಪಕ್ಕದ ಮನೇಲಿದ್ದೀನಿ, ನನಗೆ ಒಂದ್ ದಿನ ಬಾಯಿ ಬಿಟ್ಟಿಲ್ಲ ನೀನು. ಮಗಳು ನೋಡು, ಇಡೀ ದೇಶಕ್ಕೇ ಅಚ್ಚು ಹಾಕ್ಸಿ ಹಂಚ್ಬಿಟ್ಟಿದಾಳೆ" ಅಂದ. ಎಲ್ಲರೂ ನಕ್ಕರು. ನಾನು ಕಾಫಿ ಅರ್ಧಕ್ಕೇ ಬಿಟ್ಟು ಬಂದೆ.

ಒಂಬತ್ತು ವರ್ಷದವಳಿದ್ದಾಗ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ನಿನಗೆ ಆ ಗುರುತು ಹೇಳಿಕೊಟ್ಟೆ. ನೀರಿನಲ್ಲಿ ಕೈ ಅದ್ದಿ ಆಣೆ ಮಾಡಿದ್ದೆ ನೀನು, ಸಾಯುವವರೆಗೆ ಯಾರಿಗೂ ಹೇಳುವುದಿಲ್ಲ ಅಂತ. ನಮ್ಮ ಅಜ್ಜ ನಮ್ಮಪ್ಪನಿಗೆ, ನಮ್ಮಪ್ಪ ನನಗೆ, ಬಾಯಿಂದ ಕಿವಿಗೆ ಮಾತ್ರ ಬಂದದ್ದು. ಕಾಗದದ ಮೇಲೆ ಯಾರೂ ಬರೆದವರಲ್ಲ. ಬರೆದವಳು ನೀನು.

ಉತ್ತರ ಬರೆಯಬೇಕಾದರೆ ಬರೆ. ಬರೆಯದಿದ್ದರೂ ನಡೆಯುತ್ತದೆ.

ಇಸಾಕ್ಕಿ


ಔಲು
21 ಜೂನ್ 1983

ಅಪ್ಪ,

ನಿನ್ನ ಕಾಗದದ ಕೊನೆಯಲ್ಲಿ "ಅಪ್ಪ" ಅಂತ ಇರಲಿಲ್ಲ. ಅದನ್ನೇ ಮೊದಲು ನೋಡಿದೆ.

ಹೌದು, ಆಣೆ ಮುರಿದೆ. ಗೊತ್ತಿದ್ದೂ ಮುರಿದೆ. ಯಾಕೆ ಅಂತ ಹೇಳುತ್ತೇನೆ, ಪೂರ್ತಿ ಓದು.

ಮೀನು ಸಂಶೋಧನಾ ಕಚೇರಿಯಲ್ಲಿ ನನ್ನ ಕೆಲಸವೇ ಇದು. ಕಂಪನಿಯವರು ಎರಡೂವರೆ ಮೀಟರು ನೀರು ಇಳಿಸಲು ಅನುಮತಿ ಕೇಳಿದ್ದಾರೆ. ಸೀಕಾ ಅಕ್ಟೋಬರಿನಲ್ಲಿ ಮೊಟ್ಟೆಯಿಡುತ್ತದೆ, ಮರಿ ಹೊರಬರುವುದು ಮೇ ತಿಂಗಳಲ್ಲಿ. ನಡುವಿನ ಏಳು ತಿಂಗಳು ಆ ಮೊಟ್ಟೆಗಳು ಕಲ್ಲಿನ ಸಂದಿಯಲ್ಲಿ, ಮಂಜುಗಡ್ಡೆಯ ಕೆಳಗೆ, ತಣ್ಣಗಿನ ಶುದ್ಧ ನೀರಿನಲ್ಲಿ ಇರಬೇಕು. ಕೆಸರು ಕೂತರೆ ಉಸಿರು ಕಟ್ಟಿ ಸಾಯುತ್ತವೆ. ನೀರು ಇಳಿದರೆ ಮಂಜುಗಡ್ಡೆಯೇ ಅವುಗಳ ಮೇಲೆ ಕೂರುತ್ತದೆ. ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನನಗೆ ಹೇಳಿಕೊಟ್ಟವನು ನೀನೇ. ಆದರೆ ಅನುಮತಿ ಕೊಡುವ ಮಂಡಳಿಗೆ ಗೊತ್ತಿಲ್ಲ, ಅವರಿಗೆ ಕಾಗದ ಬೇಕು.

ಹೋದ ಬೇಸಿಗೆಯಲ್ಲಿ ನಮ್ಮ ಕಚೇರಿಯವರು ಊರಿಗೆ ಬಂದು ಮನೆಮನೆಗೆ ಹೋಗಿ ಮೊಟ್ಟೆಯಿಡುವ ಜಾಗ ಕೇಳಿದರಲ್ಲ? ನೀವೆಲ್ಲ ಹಿರಿಯರು ಹನ್ನೊಂದು ಜಾಗ ತೋರಿಸಿದಿರಿ. ಹನ್ನೊಂದೂ ಕೆಸರು! ಕಾಫಿ ಕೊಟ್ಟು, ರೊಟ್ಟಿ ಕೊಟ್ಟು, ದೋಣಿ ಕೊಟ್ಟು, ಒಬ್ಬೊಬ್ಬರೂ ಒಂದೊಂದು ಸುಳ್ಳು ಕೊಟ್ಟು ಕಳಿಸಿದಿರಿ. ಪರವೂರಿನವನಿಗೆ ನಿಜ ಹೇಳಬಾರದು ಅನ್ನುವುದು ನಮ್ಮಲ್ಲಿ ಮರ್ಯಾದೆಯ ವಿಷಯ, ಗೊತ್ತು. ಆದರೆ ಈಗ ಕಂಪನಿಯ ವಕೀಲ ಏನು ಹೇಳುತ್ತಾನೆ ಗೊತ್ತಾ? ಈ ಸರೋವರದಲ್ಲಿ ಆಳ ಕಡಿಮೆಯಿರುವ ಕಡೆ ಸೀಕಾ ಮೊಟ್ಟೆಯಿಡುವುದೇ ಇಲ್ಲ, ಹಾಗಾಗಿ ನೀರು ಇಳಿಸಿದರೆ ಯಾರಿಗೂ ನಷ್ಟವಿಲ್ಲ ಅಂತ. ನಿಮ್ಮ ಸುಳ್ಳನ್ನೇ ಹಿಡಿದು ಹೇಳುತ್ತಾನೆ.

ಇಡೀ ಸರೋವರದಲ್ಲಿ ಒಂದು ನಿಜವಾದ ಜಾಗ ನನಗೆ ಗೊತ್ತಿತ್ತು. ಒಂದಾದರೂ ದಿಬ್ಬದಲ್ಲಿ ಮೊಟ್ಟೆ ಸಿಕ್ಕಿದರೆ ಅನುಮತಿ ನಿಲ್ಲುತ್ತದೆ. ಅಕ್ಟೋಬರಿನಲ್ಲಿ ಮುಳುಗುಗಾರರನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತೇನೆ.

ಒಂದೇ ಒಂದು ಕೇಳುತ್ತೇನೆ. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು, ನನ್ನ ನೆನಪು ತಪ್ಪಿರಬಹುದು. ಗುರುತಿನಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದು. ಬೈದುಕೊಂಡೇ ತಿದ್ದು.

ನಿನ್ನ ಮಗಳು
ತೈಮಿ


ಕೈರಾನಿಯೆಮಿ
30 ಜುಲೈ 1983

ತೈಮಿ,

ನಿನ್ನ ಕಾಗದ ತಲುಪಿ ತಿಂಗಳಾಯಿತು. ಹುಲ್ಲು ಕೊಯ್ಲಿತ್ತು.

ಜುಲೈ ಪೂರ್ತಿ ಸೆಕೆ. ದಡದ ನೀರು ಬೆಚ್ಚಗಾಗಿ ಬಲೆಗೆಲ್ಲ ಲೋಳೆ ಹತ್ತುತ್ತಿದೆ. ಸೀಕಾ ಆಳಕ್ಕೆ ಹೋಗಿವೆ, ಬಲೆಗೆ ಬೀಳುತ್ತಿರುವುದು ಮುಳ್ಳುಮೀನು ಮಾತ್ರ. ಆಲೂಗಡ್ಡೆ ಪರವಾಗಿಲ್ಲ. ಮಂಡಿ ಹಾಗೇ ಇದೆ.

ಗುರುತಿನ ವಿಷಯ ನಾನು ಮಾತಾಡುವುದಿಲ್ಲ. ಬರೆದವಳು ನೀನು, ಮುಂದಿನದೂ ನಿನಗೇ ಸೇರಿದ್ದು.

ನಿನ್ನ ಅಣ್ಣ ರೌನೊ ಬಂದಿದ್ದ. ಹೊಸ ಟ್ರಾಕ್ಟರು ತೋರಿಸಿಕೊಂಡು ಹೋದ. ಹೊಗೆಯಲ್ಲಿ ಬೇಯಿಸಿದ ಮೀನು ಎರಡು ಬಸ್ಸಿನಲ್ಲಿ ಕಳಿಸಿದ್ದೇನೆ. ಬೇಗ ತಿನ್ನು, ಕೆಡುತ್ತದೆ.

ಅಪ್ಪ


ಔಲು
29 ಅಕ್ಟೋಬರ್ 1983

ಅಪ್ಪ,

ಹದಿನಾಲ್ಕರಂದು ನಮ್ಮ ದೋಣಿ ದಿಬ್ಬದ ಮೇಲೆ ನಿಂತಿದ್ದಾಗ ನೀನು ದಡದಲ್ಲಿ ಬಲೆ ಒಣಗಿಸುತ್ತಿದ್ದೆ. ನಾನು ಕೈ ಎತ್ತಿದೆ. ನೀನು ನೋಡಿದೆ ಅಂದುಕೊಂಡೆ. ನೋಡಲಿಲ್ಲವೇನೋ.

ಬಂಡೆ ತಗ್ಗಿನಲ್ಲಿ ಸರಿಯಾಗಿ ಕಂಡಿತು. ಗೋಪುರ ಹೊಗೆಗೂಡಿನ ಮೇಲೆ ನಿಂತಿತು. ಎರಡು ಮಾರು ಆಳ ಅಂತ ನೀನು ಹೇಳಿದ್ದೆ, ಎರಡೇ ಮಾರು ಇತ್ತು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಪಕ್ಕದಲ್ಲಿದ್ದ ನಮ್ಮ ಮೇಲಧಿಕಾರಿಗೆ, "ನೋಡಿ ಸಾರ್, ಒಂಬತ್ತನೇ ವಯಸ್ಸಲ್ಲಿ ಕಲಿತಿದ್ದು, ಒಂದು ಅಡಿ ಆಚೀಚೆ ಇಲ್ಲ" ಅಂದುಬಿಟ್ಟೆ.

ಮುಳುಗುಗಾರರು ಎರಡು ಗಂಟೆ ಕೆಳಗಿದ್ದರು. ಮೇಲೆ ಬಂದವರ ಕೈಯಲ್ಲಿ ಕಪ್ಪು ಕೆಸರು. ಒಂದು ಕಲ್ಲಿಲ್ಲ, ಒಂದು ಮೊಟ್ಟೆಯಿಲ್ಲ. ಮೇಲಧಿಕಾರಿ ಬಿಸ್ಕತ್ತಿನ ಪೊಟ್ಟಣ ನನ್ನ ಕಡೆ ಚಾಚಿದರು. ಅದೇ ಹೆಚ್ಚು ನೋವಾಯಿತು.

ನಾನು ಯೋಚಿಸಿದೆ. ನೀನು ಹೇಳಿದ ಮೇಲೆ ಅಲ್ಲಿ ಕಲ್ಲು ಇದ್ದೇ ಇತ್ತು. ಹಾಗಿದ್ದರೆ ಅಣೆಕಟ್ಟು ಕಟ್ಟಿದಾಗಿನಿಂದ ದಡ ಕುಸಿದು, ಹೂಳು ಬಂದು ದಿಬ್ಬ ಮುಚ್ಚಿಹೋಗಿರಬೇಕು. ವರದಿಯಲ್ಲಿ ಹಾಗೇ ಬರೆದೆ: ಈ ದಿಬ್ಬ ಈಗಾಗಲೇ ಹೂಳಿನಿಂದ ಹಾಳಾಗಿದೆ. ಆ ಒಂದು ಸಾಲಿನ ಅರ್ಥ ಏನು ಅಂತ ನನಗೆ ಗೊತ್ತು. ಹಾಳಾದದ್ದನ್ನು ಕಾಪಾಡಲು ಯಾರೂ ನೀರು ನಿಲ್ಲಿಸುವುದಿಲ್ಲ. ಆದರೂ ಕಂಡದ್ದನ್ನು ಬರೆಯಬೇಕಲ್ಲ? ನನ್ನ ಹೆಸರು ಹಾಕಿ ಸಹಿ ಮಾಡಿದೆ.

ನಿನ್ನ ಬಲೆಗೆ ಅಕ್ಟೋಬರಿನಲ್ಲಿ ಸೀಕಾ ಬಿತ್ತಾ? ಬಿದ್ದಿದ್ದರೆ ಎಲ್ಲಿ? ಡಿಸೆಂಬರ್ ಹತ್ತರವರೆಗೆ ವರದಿ ತಿದ್ದಬಹುದು. ಅಪ್ಪ, ಒಂದು ಸಾಲು ಸಾಕು.

ತೈಮಿ


ಔಲು
9 ಜನವರಿ 1984

ಅಪ್ಪ,

ನಿನ್ನ ಒಂದು ಸಾಲು ಬರಲಿಲ್ಲ. ಕ್ರಿಸ್‌ಮಸ್ ಕಾರ್ಡಿನಲ್ಲಿ ಹಕ್ಕಿಯ ಚಿತ್ರ ಮಾತ್ರ ಬಂತು.

ಮಂಡಳಿ ಅನುಮತಿ ಕೊಟ್ಟಿದೆ. ಆದೇಶದಲ್ಲಿ ನನ್ನ ವರದಿಯ ಸಾಲನ್ನೇ ಎತ್ತಿ ಬರೆದಿದ್ದಾರೆ. ಈ ತಿಂಗಳ ಕೊನೆಗೆ ಗೇಟು ತೆಗೆಯುತ್ತಾರೆ. ದಡದ ಹತ್ತಿರ ಮಂಜುಗಡ್ಡೆಯ ಮೇಲೆ ಓಡಾಡಬೇಡ, ನೀರು ಇಳಿದಾಗ ಅದು ಟೊಳ್ಳಾಗಿ ಬಿರಿಯುತ್ತದೆ.

ತೈಮಿ


ಕೈರಾನಿಯೆಮಿ
2 ಏಪ್ರಿಲ್ 1984

ತೈಮಿ,

ಈ ಕಾಗದವನ್ನು ಏಳು ಸಲ ಬರೆದು ಒಲೆಗೆ ಹಾಕಿದ್ದೇನೆ. ಇದು ಎಂಟನೆಯದು. ಇದನ್ನೂ ಹಾಕಿಬಿಡುವ ಮೊದಲು ಅಂಚೆಯವನ ಕೈಗೆ ಕೊಡುತ್ತೇನೆ.

ನಿನ್ನೆ ಬೆಳಿಗ್ಗೆ ಮಂಜುಗಡ್ಡೆಯ ಮೇಲೆ ಹೋಗಿದ್ದೆ. ಬೇಡ ಅಂತ ನೀನು ಬರೆದಿದ್ದೆ, ಆದರೂ ಹೋದೆ. ಸರೋವರದ ಮಧ್ಯದಲ್ಲಿ ಎಲ್ಲ ಸಪಾಟಾಗಿತ್ತು. ನಮ್ಮ ದಿಬ್ಬದ ಹತ್ತಿರ ಮಾತ್ರ ಮಂಜುಗಡ್ಡೆ ಮೇಲಕ್ಕೆ ಉಬ್ಬಿ, ಸುತ್ತಲೂ ಬಿರುಕು ಬಿಟ್ಟಿತ್ತು. ನೀರು ಕೆಳಗಿಳಿದಿದೆ, ಅದು ಕಲ್ಲಿನ ಮೇಲೆ ಕೂತಿದೆ. ಬೈರಿಗೆ ಹಾಕಿ ಕೊರೆದೆ. ನೀರು ಚಿಮ್ಮಲಿಲ್ಲ. ಬೈರಿಗೆಯ ಬಾಯಿ ನೇರವಾಗಿ ಕಲ್ಲಿಗೆ ತಾಗಿ ಕಿರ್ರೆಂದಿತು. ಕೊಡಲಿಯಿಂದ ಕಡಿದು ಒಂದು ತುಂಡು ಎತ್ತಿದೆ. ಅದರ ಅಡಿಯಲ್ಲಿ ಮೊಟ್ಟೆಗಳಿದ್ದವು. ಹಳದಿ ಬಣ್ಣ ಹೋಗಿ ಬೆಳ್ಳಗೆ ಬೆಂದ ಸಬ್ಬಕ್ಕಿಯ ಹಾಗೆ ಆಗಿದ್ದವು. ಅಂಗೈಯಲ್ಲಿ ಹಾಕಿಕೊಂಡು ಊದಿದೆ. ಏನಾಗಲಿ ಅಂತ ಊದಿದೆನೋ ಗೊತ್ತಿಲ್ಲ. ಮುದಿಬುದ್ಧಿ.

ಈಗ ನೀನು ಕೇಳುತ್ತೀಯ, ದಿಬ್ಬದಲ್ಲಿ ಕೆಸರಿತ್ತಲ್ಲ, ಕಲ್ಲೆಲ್ಲಿಂದ ಬಂತು ಅಂತ.

ನಿನಗೆ ಹೇಳಿಕೊಟ್ಟ ಗುರುತು ಸುಳ್ಳು.

ಬಂಡೆ ಮತ್ತು ಬೆಟ್ಟದ ತಗ್ಗು ನಿಜ. ಗೋಪುರ ಸುಳ್ಳು. ಅದು ಹೊಗೆಗೂಡಿನ ಮೇಲೆ ನಿಲ್ಲಬೇಕಾದ್ದಲ್ಲ. ನಿಜವಾದ ದಿಬ್ಬ ಅಲ್ಲಿಂದ ನಾನೂರು ಮೀಟರು ಪೂರ್ವಕ್ಕಿದೆ, ಒಂದೇ ಮಾರು ಆಳ, ಗಾಳಿ ಬಡಿದು ಕಲ್ಲು ಸದಾ ತೊಳೆದಿಟ್ಟ ಹಾಗಿರುತ್ತದೆ.

ಯಾಕೆ ಅಂತ ಹೇಳುತ್ತೇನೆ, ಕ್ಷಮಿಸು ಅಂತ ಹೇಳುವುದಿಲ್ಲ. ನನ್ನ ಅಕ್ಕ ಹಿಲ್ಯಾ ಮದುವೆಯಾಗಿ ಆಚೆ ದಡಕ್ಕೆ ಹೋದಾಗ ನಮ್ಮ ಇನ್ನೊಂದು ದಿಬ್ಬದ ಗುರುತನ್ನೂ ಗಂಡನ ಮನೆಗೆ ಕೊಂಡುಹೋದಳು. ಮೂರು ವರ್ಷದೊಳಗೆ ಅಕ್ಟೋಬರಿನಲ್ಲಿ ಅಲ್ಲಿ ಅವರ ಬಲೆಗಳೇ ತುಂಬಿದವು. ಆವತ್ತಿನಿಂದ ನಮ್ಮಪ್ಪನ ಮಾತು, ಹುಡುಗಿಗೆ ನಿಜ ಕೊಡಬೇಡ. ನೀನು ಮೂರು ವರ್ಷ ಬಿಡದೆ ಕಾಡಿದೆ, "ರೌನೊಗೆ ಹೇಳಿದೀಯ, ನಂಗ್ ಯಾಕ್ ಹೇಳಲ್ಲ" ಅಂತ. ಅದಕ್ಕೇ ಜುಲೈ ತಿಂಗಳಲ್ಲಿ ಕರೆದುಕೊಂಡು ಹೋದೆ. ಅಕ್ಟೋಬರಿನಲ್ಲಿ ನೀನು ಶಾಲೆಯ ಹಾಸ್ಟೆಲಿನಲ್ಲಿ ಇರುತ್ತಿದ್ದೆ. ನಾವು ನಿಜವಾಗಿ ಎಲ್ಲಿ ಬಲೆ ಬಿಡುತ್ತೇವೆ ಅಂತ ನೀನು ನೋಡುವ ಸಂದರ್ಭವೇ ಇರಲಿಲ್ಲ.

ಆ ರಾತ್ರಿ ನೀನು ಹಾಸಿಗೆಯಲ್ಲಿ ಪ್ರಾರ್ಥನೆ ಹೇಳುವ ಹಾಗೆ ಗುರುತು ಹೇಳಿಕೊಳ್ಳುತ್ತಿದ್ದೆ. ನಿನ್ನ ಅಮ್ಮ ಅಡುಗೆಮನೆಯಲ್ಲಿ ನನ್ನ ಹತ್ತಿರ ಬಂದು, "ಆ ಮಗೂಗೂ ಸುಳ್ ಹೇಳ್ಬಿಟ್ಯಾ?" ಅಂತ ಕೇಳಿದಳು. ನಾನು ಬಲೆ ಹೊಲಿಯುತ್ತಿದ್ದೆ. ಮುಂದಿನ ಗಂಟು ಹಾಕಿದೆ. ಅವಳು ಸಾಯುವವರೆಗೆ ಆ ಮಾತು ಮತ್ತೆ ಎತ್ತಲಿಲ್ಲ, ನಾನು ಮರೆತೂಬಿಟ್ಟೆ.

ಹೋದ ವರ್ಷ ವಿಲ್ಯಾಮಿ ಸಭಾಮನೆಯಲ್ಲಿ ಅದನ್ನು ಓದಿದಾಗ ನಿನ್ನ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಒಳಗೊಳಗೇ ಒಂದು ಸಮಾಧಾನವೂ ಆಗಿತ್ತು ಅನ್ನುವುದನ್ನು ಬರೆಯಲೇಬೇಕು. ದಿಬ್ಬ ಉಳಿಯಿತು ಅಂದುಕೊಂಡೆ. ಮೋಸ ಮಾಡಿದವಳಿಗೆ ತಕ್ಕ ಶಾಸ್ತಿ ಅಂತಲೂ ಅಂದುಕೊಂಡೆ. ನೀನು ದೋಣಿಯಿಂದ ಕೈ ಎತ್ತಿದ್ದನ್ನು ನೋಡಿದೆ. ನೋಡದವನ ಹಾಗೆ ಬಲೆ ಒದರಿದೆ. ಮೊಟ್ಟೆ ಸಿಗದಿದ್ದರೆ ಪಟ್ಟಣದವರು ಸಾಕಾಗಿ ವಾಪಸು ಹೋಗುತ್ತಾರೆ, ನೀರೂ ಹಾಗೇ ಉಳಿಯುತ್ತದೆ ಅಂತ ನನ್ನ ಲೆಕ್ಕ. ಇದುವರೆಗೆ ಬಂದವರೆಲ್ಲ ಹಾಗೇ ಹೋಗಿದ್ದರು.

ಹೋದ ವಾರ ರೌನೊನನ್ನು ಕೇಳಿದೆ, ದಿಬ್ಬದ ಗುರುತು ಹೇಳು ನೋಡೋಣ ಅಂತ. ಅವನು ತಲೆ ಕೆರೆದುಕೊಂಡ. "ಯಾವ್ದೋ ಬಂಡೆ ಅಲ್ವೇನಪ್ಪ? ಈಗ ಯಾರಿಗ್ ನೆನಪಿರತ್ತೆ" ಅಂದ.

ನಿಜ ಸಿಕ್ಕವನು ಮರೆತಿದ್ದಾನೆ. ಸುಳ್ಳು ಸಿಕ್ಕವಳು ಒಂದಡಿ ತಪ್ಪದೆ ಇಪ್ಪತ್ತೆಂಟು ವರ್ಷ ಇಟ್ಟುಕೊಂಡಿದ್ದಾಳೆ.

ಅಪ್ಪ


ಔಲು
16 ಏಪ್ರಿಲ್ 1984

ಇಸಾಕ್ಕಿಯವರಿಗೆ,

ಅಪ್ಪ ಅಂತ ಬರೆಯಲು ಮೂರು ದಿನ ಪ್ರಯತ್ನಪಟ್ಟೆ. ಕೈ ಬರಲಿಲ್ಲ.

ನನಗೆ ಆ ದಿನ ಪೂರ್ತಿ ನೆನಪಿದೆ. ನಾನು ಕೆಂಪು ರಬ್ಬರ್ ಬೂಟು ಹಾಕಿದ್ದೆ. ದೋಣಿ ನಿಂತಾಗ ನೀನು ದಾರಕ್ಕೆ ಕಟ್ಟಿದ ಸೀಸದ ಗುಂಡನ್ನು ನೀರಿಗೆ ಬಿಟ್ಟೆ. ನಾನು ಹಿಡಿಯುತ್ತೇನೆ ಅಂತ ಕೈ ಚಾಚಿದೆ. "ಬೇಡ ಬೇಡ, ದಾರ ಕೈ ಕೊಯ್ಯತ್ತೆ" ಅಂದೆ ನೀನು. ನೀನೇ ಹಿಡಿದುಕೊಂಡು, ಎರಡು ಸಲ ಎತ್ತಿ ಕುಕ್ಕಿ, "ಕಲ್ಲು" ಅಂದೆ. ನಾನೂ "ಕಲ್ಲು" ಅಂದೆ. ನಾನು ಏಳು ವರ್ಷದವಳಿದ್ದಾಗಿನಿಂದ ನನ್ನ ಕೈಗೆ ನೀನು ಬೇರೆ ಎಲ್ಲ ದಾರವನ್ನೂ ಕೊಟ್ಟಿದ್ದೆ, ಬಲೆಯ ಹಗ್ಗ, ಲಂಗರಿನ ಹಗ್ಗ. ಅವು ಯಾವುವೂ ಕೊಯ್ಯುತ್ತಿರಲಿಲ್ಲ. ಇದು ಮಾತ್ರ ಕೊಯ್ಯುತ್ತದೆ ಅಂದಾಗ ನಾನು ನಂಬಿದೆ. ಅಪ್ಪನಿಗೆ ನನ್ನ ಕೈ ಮೇಲೆ ಎಷ್ಟು ಕಾಳಜಿ ಅಂತಲೂ ಅಂದುಕೊಂಡೆ.

ಗುಂಡು ಕೆಸರಿಗೆ ಬಿದ್ದರೆ ಕೈಗೆ ಗೊತ್ತಾಗಿಬಿಡುತ್ತದೆ, ಅದಕ್ಕೇ ಕೊಡಲಿಲ್ಲ. ಈಗ ಗೊತ್ತಾಯಿತು.

ನಾನು ಯಾಕೆ ಈ ಓದಿಗೆ ಬಂದೆ ಅಂತ ಎಲ್ಲರೂ ಕೇಳುತ್ತಾರೆ. ಆ ದಿನದ ಕಥೆಯನ್ನೇ ಹೇಳುತ್ತಿದ್ದೆ. ನನ್ನ ಅಪ್ಪ ನನ್ನನ್ನೂ ಮಗನ ಸಮ ಅಂತ ನಂಬಿ ಇದನ್ನು ಕೊಟ್ಟ ಅಂತ. ಕೆಲಸಕ್ಕೆ ಸೇರುವಾಗಲೂ ಹೇಳಿದೆ, ಮದುವೆಯಲ್ಲೂ ಹೇಳಿದೆ. ನೀನು ಆ ಮದುವೆಯಲ್ಲಿ ಮುಂದೆಯೇ ಕೂತಿದ್ದೆ.

ಆಣೆ ಮುರಿದೆ ಅಂತ ನಾನು ಒಂದು ವರ್ಷ ನಿದ್ದೆ ಕೆಟ್ಟೆ. ನೀನು ನನ್ನಿಂದ ಆಣೆ ತೆಗೆದುಕೊಂಡದ್ದು ನಿನ್ನ ಸುಳ್ಳನ್ನು ಕಾಯುವುದಕ್ಕೆ.

ಇರಲಿ, ಸತ್ತ ಮೊಟ್ಟೆಗಳಿಗೆ ನನ್ನ ಸಂಕಟದಿಂದ ಏನೂ ಆಗಬೇಕಿಲ್ಲ. ಈ ವರ್ಷದ ಮರಿಗಳು ಹೋದವು. ದೊಡ್ಡ ಮೀನುಗಳು ಇನ್ನೂ ಇವೆ, ಅಕ್ಟೋಬರಿಗೆ ಮತ್ತೆ ಅದೇ ಕಲ್ಲಿಗೆ ಬರುತ್ತವೆ. ಇನ್ನೊಂದೆರಡು ಚಳಿಗಾಲ ಹೀಗೇ ಆದರೆ ಬರುವ ಮೀನೂ ಇರುವುದಿಲ್ಲ.

ನನ್ನ ವರದಿ ತಪ್ಪು ಅಂತ ನಾನೇ ಮಂಡಳಿಗೆ ಬರೆದಿದ್ದೇನೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ನನ್ನ ಮಾತು ಮಾತ್ರ ಸಾಲದಂತೆ. ಮೊದಲೂ ಅಪ್ಪ ಹೇಳಿದ ಅಂದಳು, ಈಗಲೂ ಅಪ್ಪ ಹೇಳಿದ ಅನ್ನುತ್ತಾಳೆ ಅಂತ ವಕೀಲ ನಗುತ್ತಾನೆ. ಜೂನ್ ಐದಕ್ಕೆ ಸಭಾಮನೆಯಲ್ಲಿ ಮರುವಿಚಾರಣೆ. ನೀನು ಬಂದು ಊರಿನವರೆದುರು ಬಾಯಿಬಿಟ್ಟು ಹೇಳಬೇಕು. ಎರಡೂ ಹೇಳಬೇಕು, ಸುಳ್ಳು ಹೇಳಿದ್ದನ್ನೂ, ನಿಜವಾದ ಗುರುತನ್ನೂ.

ಬರುತ್ತೀಯ ಅಂತ ನನಗೆ ನಂಬಿಕೆಯಿಲ್ಲ. ಕೇಳಬೇಕಾದ್ದು ಕೇಳಿದ್ದೇನೆ.

ತೈಮಿ


ಕೈರಾನಿಯೆಮಿ
9 ಜೂನ್ 1984

ತೈಮಿ,

ನೀನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಕೂದಲು ಕತ್ತರಿಸಿಕೊಂಡಿದ್ದೀಯ. ನಾನು ಮಾತು ಮುಗಿಸಿ ತಿರುಗಿದಾಗ ನಿನ್ನ ಕುರ್ಚಿ ಖಾಲಿಯಾಗಿತ್ತು, ನಾಲ್ಕರ ಬಸ್ಸು ಹೊರಟಿತ್ತು. ಆಮೇಲೆ ನಡೆದದ್ದು ನಿನಗೆ ಗೊತ್ತಾಗಬೇಕು ಅಂತ ಬರೆಯುತ್ತಿದ್ದೇನೆ.

ನಾನು ಹೇಳಿದ್ದನ್ನು ನೀನು ಕೇಳಿದೆ. ಎಪ್ಪತ್ತೊಂದು ವರ್ಷದ ಬದುಕಿನಲ್ಲಿ ಅಷ್ಟು ಜನರ ಮುಂದೆ ಮಾತಾಡಿದ್ದೇ ಇಲ್ಲ. "ಅಧಿಕಾರಿಗಳಿಗೂ ಸುಳ್ಳು ಹೇಳ್ದೆ, ಮಗಳಿಗೂ ಸುಳ್ಳು ಹೇಳ್ದೆ. ಅವಳು ಬರ್ದಿದ್ದು ನನ್ ಸುಳ್ಳು, ಅವಳ ತಪ್ಪಲ್ಲ" ಅಂದೆ. ಗುರುತು ಹೇಳುವ ಮೊದಲು ಲೋಟ ಎತ್ತಿಕೊಂಡೆ. ನೀರು ಕುಡಿದು ಹೇಳಿದೆ. ಹೇಳಿ ಮುಗಿಸಿದ ಮೇಲೆ ಮೈಮೇಲೆ ಬಟ್ಟೆಯಿಲ್ಲದೆ ನಿಂತ ಹಾಗೆ ಅನಿಸಿತು.

ನೀನು ಹೋದ ಮೇಲೆ ಕಂಪನಿಯ ವಕೀಲ ಎದ್ದ. ಈ ಯಜಮಾನರು ಎರಡು ಸಲ ಸುಳ್ಳು ಹೇಳಿದ್ದಾರೆ, ಮೂರನೆಯ ಸಲ ನಿಜ ಅಂತ ಹೇಗೆ ನಂಬುವುದು ಅಂತ ಕೇಳಿದ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.  

ಆಮೇಲೆ ಹಿಂದಿನಿಂದ ವಿಲ್ಯಾಮಿ ಎದ್ದು ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಾನೂ ಸುಳ್ಳೇ ಹೇಳಿದ್ದು ಸ್ವಾಮಿ. ನಾನ್ ತೋರ್ಸಿದ್ ಜಾಗದಲ್ಲಿ ಕಪ್ಪೆನೂ ಮೊಟ್ಟೆ ಇಡಲ್ಲ" ಅಂದ. ಆಮೇಲೆ ತನ್ನ ದಿಬ್ಬ ಹೇಳಿದ. ತೈಮಿ, ಅದು ನಮ್ಮ ದಿಬ್ಬದಿಂದ ಇನ್ನೂರು ಮೀಟರು ಕೂಡ ಇಲ್ಲ. ಐವತ್ತು ವರ್ಷ ನಾವಿಬ್ಬರೂ ಒಂದೇ ಕಲ್ಲುಸಾಲಿನ ಎರಡು ತುದಿಯಲ್ಲಿ ಬಲೆ ಬಿಟ್ಟು, ಒಬ್ಬರಿಗೊಬ್ಬರು ಕಾಣಬಾರದು ಅಂತ ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದೆವು. ಅವನ ಹಿಂದೆ ಇನ್ನೂ ಆರು ಜನ ಎದ್ದರು. ಮಂಡಳಿಯವರ ಗುಮಾಸ್ತೆಗೆ ಬರೆದು ಬರೆದು ಕೈ ಸೋತು ಪೆನ್ಸಿಲ್ ಮೊಂಡಾಯಿತು. ವಿಲ್ಯಾಮಿಯೇ ತನ್ನ ಚಾಕುವಿನಿಂದ ಚೂಪು ಮಾಡಿಕೊಟ್ಟ.

ಅಕ್ಟೋಬರಿನಲ್ಲಿ ಮುಳುಗುಗಾರರು ಮತ್ತೆ ಬರುತ್ತಾರಂತೆ. ಅಲ್ಲಿಯವರೆಗೆ ಅರ್ಧ ಮೀಟರಿಗಿಂತ ಹೆಚ್ಚು ಇಳಿಸುವ ಹಾಗಿಲ್ಲ. ಮೊಟ್ಟೆ ಸಿಕ್ಕರೆ ಅದೇ ಖಾಯಂ. ಸಿಗದಿದ್ದರೆ ಗೇಟು ಪೂರ್ತಿ ತೆಗೆಯುತ್ತಾರೆ.

ಸಭೆಯಲ್ಲಿ ಹೇಳಿದ್ದನ್ನು ನಿನಗಾಗಿ ಮತ್ತೆ ಬರೆದಿಡುತ್ತೇನೆ, ನನ್ನ ಕೈಯಲ್ಲೇ: ಒಡೆದ ಬಂಡೆ ಬೆಟ್ಟದ ತಗ್ಗಿನಲ್ಲಿ. ಗೋಪುರ ನಮ್ಮ ದೋಣಿಮನೆಯ ಎಡಮೂಲೆಯ ಮೇಲೆ. ಒಂದು ಮಾರು.

ಯಾರಿಗೆ ಬೇಕಾದರೂ ಹೇಳು.

ಅಪ್ಪ


ಔಲು
25 ಸೆಪ್ಟೆಂಬರ್ 1984

ಅಪ್ಪ,

ಕೆಲಸ ಹೋಗಿಲ್ಲ. ಒಂದು ವರ್ಷ ನನ್ನ ವರದಿಗೆ ಬೇರೆಯವರ ಸಹಿಯೂ ಬೇಕಂತೆ.

ಅಕ್ಟೋಬರ್ ಹದಿಮೂರಕ್ಕೆ ಬರುತ್ತೇವೆ. ಮುಳುಗುಗಾರರು ಇಳಿಯುವ ಮೊದಲು ನಾನು ಒಂದು ಸಲ ಆ ಜಾಗ ನೋಡಬೇಕು. ಕಚೇರಿಯ ದೋಣಿಯಲ್ಲಿ ಅಲ್ಲ, ನಿನ್ನ ದೋಣಿಯಲ್ಲಿ. ಹುಟ್ಟು ನೀನು ಹಾಕು.

ಸೀಸದ ಗುಂಡು ತೆಗೆದುಕೊಂಡು ಬಾ. ದಾರ ನಾನು ಹಿಡಿಯುತ್ತೇನೆ.

ತೈಮಿ


ಕೈರಾನಿಯೆಮಿ
21 ಅಕ್ಟೋಬರ್ 1984

ತೈಮಿ,

ಮುಳುಗುಗಾರರ ಲೆಕ್ಕ ನಿನ್ನ ಹತ್ತಿರ ಇರುತ್ತದೆ. ಆದರೂ ಊರಿನಲ್ಲಿ ಜನ ಏನು ಮಾತಾಡುತ್ತಾರೆ ಅಂತ ಬರೆಯುತ್ತೇನೆ. ಮೊಟ್ಟೆ ಸಿಕ್ಕಿತು ಅಂತ ಅಂಗಡಿಯಲ್ಲಿ ಎಲ್ಲರಿಗೂ ವಿಲ್ಯಾಮಿ ಕಾಫಿ ಕೊಡಿಸಿದ. ತನ್ನ ತುದಿಯಲ್ಲೇ ಹೆಚ್ಚು ಸಿಕ್ಕಿದ್ದಂತೆ, ನನ್ನ ತುದಿಯಲ್ಲಿ ಕಡಿಮೆಯಂತೆ, ಅದನ್ನು ದಿನಕ್ಕೆ ಮೂರು ಸಲ ಹೇಳುತ್ತಾನೆ. ಹೇಳಿಕೊಳ್ಳಲಿ. ಮೊದಲಿನ ಅರ್ಧದಷ್ಟೂ ಮೀನು ಬಂದಿಲ್ಲ ಅಂತ ನಮ್ಮಿಬ್ಬರಿಗೂ ಗೊತ್ತು. ಈ ವರ್ಷ ನಾನು ಅಲ್ಲಿ ಬಲೆ ಬಿಡಲಿಲ್ಲ. ಅವನೂ ಬಿಡಲಿಲ್ಲ.

ದೋಣಿಯಲ್ಲಿ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಗಾಳಿಯೂ ಇತ್ತು. ನೀನು ಗೋಪುರ ನೋಡಿದೆ, ದೋಣಿಮನೆಯ ಮೂಲೆ ನೋಡಿದೆ, ಆಮೇಲೆ ತಿರುಗಿ ಬಂಡೆ ನೋಡಿದೆ. ಮತ್ತೆ ಗೋಪುರ ನೋಡಿದೆ. ನಾನು ಹುಟ್ಟು ಹಿಡಿದು ದೋಣಿಯನ್ನು ಗಾಳಿಗೆ ಎದುರು ನಿಲ್ಲಿಸಿಕೊಂಡಿದ್ದೆ.

ನೀನು ಗುಂಡು ಬಿಟ್ಟೆ. ಟಕ್ಕೆಂದು ನಿನ್ನ ಮಣಿಕಟ್ಟು ಅದುರಿದ್ದು ನನಗೆ ಕಂಡಿತು. ಕಲ್ಲು. ಅರವತ್ತು ವರ್ಷ ನೋಡಿದವನಿಗೆ ಅದನ್ನು ಹೇಳಬೇಕಾಗಿಲ್ಲ, ನಿನಗೂ ಹೇಳಬೇಕಾಗಿಲ್ಲ. ನೀನು ಸೀಕಾ ಓದಿದವಳು.

ನೀನು ಗುಂಡು ಎತ್ತಿದೆ. ಎರಡನೆಯ ಸಲ ಬಿಟ್ಟೆ. ಮತ್ತೆ ಕಲ್ಲು.

ಮತ್ತೆ ಎತ್ತಿ, ದೋಣಿಯ ಆಚೆ ಬದಿಗೆ ಹೋಗಿ, ಮೂರನೆಯ ಸಲ ಬಿಟ್ಟೆ.

ನಾನು ಎಣಿಸುತ್ತಿದ್ದೆ. ನೀನು ನನ್ನ ಮುಖ ನೋಡಲಿಲ್ಲ, ಆದರೆ ನಾನು ಎಣಿಸುತ್ತಿದ್ದೇನೆ ಅಂತ ನಿನಗೆ ಗೊತ್ತಿತ್ತು. ಕೂಲಿಗೆ ಬಂದ ಅಪರಿಚಿತನ ದೋಣಿಯಲ್ಲಾದರೂ ನೀನು ಒಂದೇ ಸಲ ಬಿಡುತ್ತಿದ್ದೆ. ಇಡೀ ಸಭಾಮನೆಯ ಮುಂದೆ ನಿಂತಾಗ ಆಗದಿದ್ದ ನಾಚಿಕೆ ಆ ಮೂರನೆಯ ಸಲಕ್ಕೆ ಆಯಿತು. ನೀನು ಮಾಡಿದ್ದು ಸರಿ. ನಾನು ದೂರುತ್ತಿಲ್ಲ.

ದಡಕ್ಕೆ ಬಂದಾಗ ನೀನು ದಾರವನ್ನು ಸುತ್ತಿ ನನಗೆ ಕೊಟ್ಟೆ. ನಾನು ಒಳಗೆ ತೆಗೆದಿಟ್ಟಿಲ್ಲ, ದೋಣಿಮನೆಯ ಎಡಮೂಲೆಯಲ್ಲಿ ಮೊಳೆಗೆ ನೇತುಹಾಕಿದ್ದೇನೆ. ಬೀಗ ಹಾಕಿಲ್ಲ. ನೀನು ಯಾವಾಗ ಬಂದರೂ, ನಾನು ಇರಲಿ ಇಲ್ಲದಿರಲಿ, ಕೈಗೆ ಸಿಗುತ್ತದೆ.

ಮೇ ತಿಂಗಳಲ್ಲಿ ಮರಿ ಹೊರಡುವಾಗ ಬರುತ್ತೇನೆ ಅಂದಿದ್ದೀಯ. ಬಾ. ಹುಟ್ಟು ನಾನೇ ಹಾಕುತ್ತೇನೆ. ಒಂದೇ ಸಲ ಬಿಟ್ಟು ನಂಬು ಅಂತ ನಾನು ಕೇಳುವ ಹಾಗಿಲ್ಲ, ಕೇಳುವುದೂ ಇಲ್ಲ.

ಎರಡು ಸಲ ಬಿಟ್ಟರೆ ನನಗೆ ಸಾಕು.

ಅಪ್ಪ